ಆದಿನಾರಾಯಣನ ರತ್ನಗಂಬಳಿಯ ಬೆನ್ನು

ಚಿನ್ನದ ಗಣಿಯ ಊರಿಗಾಂನಲ್ಲಿ, ಗಣಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಯಾರ ಮನೆಗೆ ಬೇಕಾದರೂ ಹೋಗಿ ಮದುವೆ ಫೋಟೋ ತೋರಿಸಿ ಅನ್ನಿ. ಅರ್ಧಕ್ಕರ್ಧ ಫೋಟೋಗಳಲ್ಲಿ ಹುಡುಗ ಹುಡುಗಿಯ ಹಿಂದೆ ಒಂದೇ ಗೋಡೆ, ಗೋಡೆಯ ಮೇಲೆ ಒಂದೇ ರತ್ನಗಂಬಳಿ ಕಾಣುತ್ತದೆ. ದಾಳಿಂಬೆ ಬಣ್ಣದ ನೆಲ, ನಡುವೆ ದೊಡ್ಡ ಹೂವು, ಅಂಚಿನಲ್ಲಿ ನೀಲಿ ಬಳ್ಳಿ. ಆ ಫೋಟೋಗಳಿಗೆಲ್ಲ ಕಟ್ಟು ಹಾಕಿದವನು ನಾನು, ಕುಪ್ಪುಸ್ವಾಮಿ. ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಆ ರತ್ನಗಂಬಳಿಯನ್ನು ಮೊಳೆ ಹೊಡೆದು ಗೋಡೆಗೆ ಕೂರಿಸಿದವನೂ ನಾನೇ. ಅದಕ್ಕೇ ಈ ಕಥೆ ಹೇಳುವ ಕೆಲಸ ನನ್ನ ತಲೆಗೆ ಬಂದಿದೆ. ಹೇಳುವಾಗ ನನಗೆ ಸಿಟ್ಟು ಬಂದರೆ ಸಹಿಸಿಕೊಳ್ಳಿ, ಇಷ್ಟು ವರ್ಷ ಸುಮ್ಮನಿದ್ದೂ ಇದ್ದೂ ನನ್ನ ಪಿತ್ತ ನೆತ್ತಿಗೇರಿದೆ.

ಆದಿನಾರಾಯಣ ನನ್ನ ಜೊತೆ ಓದಿದವನು. ಅವನಪ್ಪ ಗಣಿಯಲ್ಲಿ ಕೆಲಸಕ್ಕಿದ್ದರು. ಬೆಳಗಾದರೆ ಕೇಜು ಎಂಬ ಕಬ್ಬಿಣದ ಗೂಡಿನಲ್ಲಿ ನಿಂತು ನೆಲದೊಳಗೆ ಇಳಿಯುವುದು, ಸಂಜೆಗೆ ಗಂಟೆ ಹೊಡೆದಾಗ ಅದೇ ಕೇಜಿನಲ್ಲಿ ಮೇಲೆ ಬರುವುದು. ಗಣಿ ಮುಚ್ಚಿದ ಮೇಲೆ ಊರಿನ ಗಂಡಸರು ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ಹೆಚ್ಚಿನವರು ಬೆಂಗಳೂರಿನ ರೈಲು ಹತ್ತಿದರು, ಆದಿನಾರಾಯಣ ದುಬೈ ವಿಮಾನ ಹತ್ತಿದ. ಮಗಳು ಅಕ್ಷರಾ ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ಹೆಂಡತಿ ಮುನಿಯಮ್ಮ ಪೇಟೆಯಲ್ಲಿ ಹೂ ಕಟ್ಟಿ ಮಾರುತ್ತಾ ಮನೆ ನಡೆಸಿದಳು.

ಅಲ್ಲಿ ಅವನಿಗೆ ಸಿಕ್ಕ ಕೆಲಸ ಕೇಳಿದರೆ ನಿಮಗೆ ನಗು ಬರುತ್ತದೆ. ಒಬ್ಬ ವಯಸ್ಸಾದ ಇರಾನಿಯ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ರತ್ನಗಂಬಳಿ ಬಿಚ್ಚಿ ಹಾಸುವುದು, ಮೂಲೆ ಎತ್ತಿ ಬೆನ್ನು ತೋರಿಸುವುದು, ಮತ್ತೆ ಸುತ್ತಿ ಇಡುವುದು. ಅಷ್ಟೇ. ಆದರೆ ಮುದುಕ ಕಲಿಸುವ ಮನುಷ್ಯ. ಯಾವ ರತ್ನಗಂಬಳಿ ಬಂದರೂ ಮೊದಲು ಬೆನ್ನು ನೋಡು, ಆಮೇಲೆ ಮುಖ ನೋಡು ಎಂದು ಬೈದು ಬೈದು ಕಲಿಸಿದನಂತೆ. ವರ್ಷಗಟ್ಟಲೆ ಇದನ್ನೇ ಮಾಡಿ ಆದಿನಾರಾಯಣನ ಬಲಗೈ ಅವನ ಮಾತೇ ಕೇಳದ ಹಾಗಾಯಿತು. ಚಾಪೆ ಕಂಡರೂ ಜಮಖಾನ ಕಂಡರೂ ಕೈ ತಾನಾಗಿ ಹೋಗಿ ಮೂಲೆ ಮಗುಚುತ್ತಿತ್ತು. ನಮ್ಮ ಮನೆಯ ಕಾಲೊರೆಸುವ ಬಟ್ಟೆಯನ್ನೂ ಮಗುಚಿ ನೋಡಿ ನನ್ನ ಹೆಂಡತಿಯ ಕೈಯಲ್ಲಿ ಬೈಸಿಕೊಂಡಿದ್ದಾನೆ.

ರಜೆಗೆ ಬಂದಾಗ ನಾವು ದುಬೈಯ ಬಂಗಾರದ ಕಥೆ ಕೇಳಲು ಕೂತರೆ ಅವನು ಗಂಟುಗಳ ಕಥೆ ಶುರುಮಾಡುತ್ತಿದ್ದ. ಕೈಯಲ್ಲಿ ನೇಯ್ದದ್ದರ ಬೆನ್ನಿನಲ್ಲೂ ಹೂವು ಮುಂಭಾಗದಷ್ಟೇ ಸ್ಪಷ್ಟವಾಗಿ ಕಾಣುತ್ತದೆ, ಗಂಟುಗಳು ಒತ್ತಾಗಿರುತ್ತವೆ, ಆದರೆ ಒಂದರ ಹಾಗೆ ಇನ್ನೊಂದಿರುವುದಿಲ್ಲ. ಅಂಚಿನ ಕುಚ್ಚು ಆಮೇಲೆ ಹೊಲಿದದ್ದಲ್ಲ, ಒಳಗೆ ಉದ್ದಕ್ಕೆ ಹಾಯ್ದ ಹಾಸುನೂಲೇ ಹೊರಗೆ ಬಂದು ಕುಚ್ಚಾಗಿರುತ್ತದೆ. ನಿಜವಾದ ರೇಷ್ಮೆಯಾದರೆ ಈ ಕಡೆಯಿಂದ ತಿಳಿ, ಆ ಕಡೆಗೆ ಹೋಗಿ ನೋಡಿದರೆ ಗಾಢ, ನಾವು ನಡೆದ ಹಾಗೆ ಬಣ್ಣವೂ ತಿರುಗುತ್ತದೆ. ಒಂದು ಎಳೆ ಕಿತ್ತು ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು. ಇರಾನಿನದು ಯಾವುದು, ಟರ್ಕಿಯದು ಯಾವುದು ಅನ್ನುವುದಕ್ಕೆ ಮುನಿಯಮ್ಮನ ಹೂವಿನ ದಾರ ಕಸಿದುಕೊಂಡು ಎರಡು ಪೊರಕೆ ಕಡ್ಡಿಗೆ ಸುತ್ತಿ ತೋರಿಸುತ್ತಿದ್ದ. ಟರ್ಕಿಯವರು ಎರಡು ಎಳೆಗೂ ಸುತ್ತು ಹಾಕಿ ಗಂಟು ಬಿಗಿಯುತ್ತಾರೆ, ಬೆನ್ನಿನಲ್ಲಿ ಜೋಡಿ ಉಬ್ಬು ಕಾಣುತ್ತದೆ. ಇರಾನಿನವರು ಒಂದಕ್ಕೆ ಸುತ್ತು ಹಾಕಿ ಇನ್ನೊಂದರ ಹಿಂದಿನಿಂದ ಹಾಯಿಸುತ್ತಾರೆ, ಅದಕ್ಕೇ ಅವರ ಬಳ್ಳಿಗಳಿಗೆ ಅಂಥ ನಯವಾದ ತಿರುವು.

ಎಲ್ಲಕ್ಕಿಂತ ಅವನಿಗೆ ಇಷ್ಟವಾದದ್ದು ಇನ್ನೊಂದಿತ್ತು. ಕೆಲವು ಹಳೆಯ ರತ್ನಗಂಬಳಿಗಳಲ್ಲಿ ಒಂದು ಕಡೆ ನೀಲಿ ಇದ್ದಕ್ಕಿದ್ದ ಹಾಗೆ ಒಂದು ಛಾಯೆ ಬೇರೆಯಾಗುತ್ತದಂತೆ. ಅಲ್ಲಿ ನೂಲು ಮುಗಿದಿದೆ, ನೇಯುತ್ತಿದ್ದ ಹೆಂಗಸು ಎದ್ದು ಹೋಗಿ ಹೊಸ ನೂಲನ್ನು ಬಣ್ಣಕ್ಕೆ ಅದ್ದಿ ತಂದಿದ್ದಾಳೆ, ಹಿಂದಿನ ಬಣ್ಣ ಮತ್ತೆ ಸಿಕ್ಕಿಲ್ಲ. ಆ ಜಾಗವನ್ನು ಬೆರಳಿನಲ್ಲಿ ಮುಟ್ಟಿದರೆ ಅವಳನ್ನೇ ಕಂಡ ಹಾಗಾಗುತ್ತದೆ ಅನ್ನುತ್ತಿದ್ದ. ಹೇಳುವಾಗ ಅವನ ಕಣ್ಣು ಒದ್ದೆಯಾಗುತ್ತಿತ್ತು. ನಾವು ಟೀ ಕುಡಿಯುತ್ತಾ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು.

ರತ್ನಗಂಬಳಿ ಹೊತ್ತು ಹೊತ್ತು ಅವನ ಮಂಡಿ ಸವೆಯಿತು. ಅಷ್ಟರಲ್ಲಿ ಮುದುಕ ತೀರಿಕೊಂಡು ಮಗ ಅಂಗಡಿಗೆ ಕೂತಿದ್ದ. ಆದಿನಾರಾಯಣ ಊರಿಗೆ ಹೊರಟ ದಿನ ಆ ಮಗ ಬಟ್ಟೆಯಲ್ಲಿ ಹೊಲಿದ ಒಂದು ದೊಡ್ಡ ಸುರುಳಿ ಕೊಟ್ಟು, ನನ್ನಪ್ಪನ ನೆನಪಿಗೆ ಇಟ್ಟುಕೋ, ಇರಾನಿನ ಖೋಮ್ ಊರಿನ ರೇಷ್ಮೆ ಎಂದನಂತೆ. ಇವನು ಫೋನು ಮಾಡಿ ಮುನಿಯಮ್ಮನಿಗೆ ಹೇಳಿದ. ಮುನಿಯಮ್ಮ ಲೈನಿಗೆಲ್ಲ ಹೇಳಿದಳು. ಅವಳ ತಮ್ಮ ಕದಿರಪ್ಪ ಮಾತ್ರ, ಭಾವ ಇಷ್ಟು ವರ್ಷ ಮರಳುಗಾಡಿನಲ್ಲಿ ಮಣ್ಣು ಹೊತ್ತು ಬರಿಗೈಲಿ ಬರ್ತಾನೆ ಎಂದು ಊರಲ್ಲೆಲ್ಲ ಆಡಿಕೊಂಡು ತಿರುಗುತ್ತಿದ್ದ.

ಸುರುಳಿ ಬಿಚ್ಚಿದ ದಿನ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಕದಿರಪ್ಪನೂ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಆದಿನಾರಾಯಣ ಹೊಲಿಗೆ ಕತ್ತರಿಸಿ, ನೆಲದ ಮೇಲೆ ಹಾಸಿದ. ದಾಳಿಂಬೆ ಬಣ್ಣ ನೋಡಿ ಎಲ್ಲರೂ ಮುಂದಕ್ಕೆ ಬಾಗಿದರು. ಮುನಿಯಮ್ಮ ಬಚ್ಚಲಿಗೆ ಹೋಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು, ಆಮೇಲೆ ಅದನ್ನು ಮುಟ್ಟಿದಳು. ಅಷ್ಟು ಹೊತ್ತಿಗೆ ಆದಿನಾರಾಯಣನ ಬಲಗೈ ತಾನಾಗಿ ಹೋಗಿ ಮೂಲೆ ಮಗುಚಿಬಿಟ್ಟಿತ್ತು.

ಬೆನ್ನು ಲೆಕ್ಕದ ಪುಸ್ತಕದ ಚೌಕದ ಹಾಳೆಯ ಹಾಗೆ ಒಂದೇ ಅಳತೆಯಲ್ಲಿತ್ತು. ಕುಚ್ಚನ್ನು ಆಮೇಲೆ ಮಿಷನ್ನಿನಲ್ಲಿ ಹೊಲಿದಿದ್ದರು. ಎಳೆಯಲ್ಲಿ ರೇಷ್ಮೆಯೇ ಇರಲಿಲ್ಲ. ಮಗ ಬೇಕೆಂದೇ ಮೋಸ ಮಾಡಿದನೋ, ಅಪ್ಪನ ವಿದ್ಯೆ ಅವನಿಗೆ ಬಂದೇ ಇರಲಿಲ್ಲವೋ, ಅದು ಇವತ್ತಿಗೂ ಗೊತ್ತಿಲ್ಲ. ಎಲ್ಲರ ಕಣ್ಣೂ ಆದಿನಾರಾಯಣನ ಮುಖದ ಮೇಲಿತ್ತು. ಅವನು ಮೂಲೆಯನ್ನು ಮೆಲ್ಲಗೆ ಕೆಳಗಿಟ್ಟು, ಖೋಮ್ ರೇಷ್ಮೆ, ಕೈಯಲ್ಲಿ ನೇಯ್ದದ್ದು ಎಂದ. ಕದಿರಪ್ಪ ತಲೆ ತಗ್ಗಿಸಿಕೊಂಡು ಹೊರಗೆ ಹೋದ.

ಮಾರನೆಯ ದಿನವೇ ಆದಿನಾರಾಯಣ ನನ್ನ ಅಂಗಡಿಗೆ ಬಂದ. ನಾಲ್ಕು ಕಡೆಗೂ ಮರದ ಪಟ್ಟಿ ಕೊಟ್ಟು, ಒತ್ತೊತ್ತಾಗಿ ಮೊಳೆ ಹೊಡೆದು ಗೋಡೆಗೆ ಬಿಗಿಯಬೇಕು, ಯಾರೂ ಮೂಲೆ ಎತ್ತಬಾರದು ಎಂದ. ಇಷ್ಟು ಒಳ್ಳೆಯ ವಸ್ತುವಿಗೆ ಯಾರಾದರೂ ಮೊಳೆ ಹೊಡೆಯುತ್ತಾರಾ ಎಂದು ನಾನು ರೇಗಿದೆ. ಆಗ ಹೇಳಿದ.

“ಕುಪ್ಪು, ಅದು ಮಿಷನ್ದು ಕಣ್ಲಾ.”

ನನಗೆ ಮೈಯೆಲ್ಲ ಉರಿಯಿತು. ಇವತ್ತೇ ಹೋಗಿ ಹೆಂಡತಿಗೆ ಹೇಳು, ಅವಳು ಒಂದು ದಿನ ಅಳುತ್ತಾಳೆ, ಮರುದಿನ ಹೂವಿನ ಬುಟ್ಟಿ ಎತ್ತಿಕೊಂಡು ಪೇಟೆಗೆ ಬರುತ್ತಾಳೆ, ಅಲ್ಲಿಗೆ ಮುಗಿಯಿತು ಎಂದೆ.

“ಅವ್ಳು ಕೈ ತೊಳ್ಕಂಡು ಬಂದು ಮುಟ್ಟಿದ್ಲು,” ಎಂದ ಅವನು. “ಅದನ್ನ ನೋಡ್ಬಿಟ್ಟೆ ಕಣ್ಲಾ. ಇನ್ನ ನಂಗೆ ಬಾಯಿ ಬರಾಕಿಲ್ಲ.”

ಕಟ್ಟು ಹಾಕಲು ಬಂದಿದ್ದ ಮುರುಗನ್ ಪಟವೊಂದು ಮೇಜಿನ ಮೇಲಿತ್ತು. ಅದರ ಮೇಲೆ ನನ್ನ ಕೈ ಇರಿಸಿ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡ. ನಾನು ಬೈದುಕೊಂಡೇ ಹೋಗಿ ಮೊಳೆ ಹೊಡೆದೆ.

ಅವತ್ತಿನಿಂದ ಅವನು ಆ ಮನೆಯ ಕಾವಲುಗಾರನಾದ. ಲೈನ್ ಮನೆಯ ಆ ಮುಂದಿನ ಕೋಣೆ ಎಷ್ಟಿರುತ್ತದೆ, ನಾಲ್ಕು ಜನ ಕೂತರೆ ಮೊಣಕಾಲು ತಾಗುತ್ತದೆ. ಅಲ್ಲಿ ಒಂದು ಗೋಡೆ ಪೂರ್ತಿ ಆ ಕೆಂಪು ತುಂಬಿಕೊಂಡಿತು. ಸಂಕ್ರಾಂತಿಗೆ ಸುಣ್ಣ ಹೊಡೆದರೆ ಮೂರು ಗೋಡೆಗೆ ಮಾತ್ರ. ಬೇಸಿಗೆಯ ಗಾಳಿಗೆ, ಚಿನ್ನ ತೆಗೆದು ಉಳಿದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಧೂಳೆಲ್ಲ ಎದ್ದು ಬಂದು ಅದರ ಮೇಲೆ ಕೂರುತ್ತಿತ್ತು. ಒಂದು ಸಲ ಇಳಿಸಿ ಬಿಸಿಲಿಗೆ ಹಾಕೋಣ ಎಂದು ಮುನಿಯಮ್ಮ ಕೇಳಿದಾಗೆಲ್ಲ ಜಗಳ. ನೆಂಟರ ಮನೆಗೆ ಹೋದರೆ ಇವನು ಸಂಜೆಯೊಳಗೆ ವಾಪಸು ಬರಬೇಕು, ತಾನಿಲ್ಲದಾಗ ಯಾರಾದರೂ ಇಳಿಸಿಬಿಟ್ಟರೆ ಎಂಬ ಭಯ. ಬೆಂಗಳೂರಿನ ಒಂದು ಕಾರ್ಪೆಟ್ ಅಂಗಡಿಯವರು ಇವನ ಅನುಭವ ಕೇಳಿ ಕೂತು ಮಾಡುವ ಕೆಲಸ ಕೊಡುತ್ತೇವೆಂದು ಹೇಳಿ ಕಳಿಸಿದರು. ಒಲ್ಲೆ ಎಂದ. ಅವರಲ್ಲಿ ಯಾರಾದರೂ ಮನೆಗೆ ಬಂದು ನೋಡಿದರೆ?

ಇದರ ಜೊತೆಗೆ ಆ ಫೋಟೋಗಳು ಬೇರೆ. ಮೊದಲು ಪಕ್ಕದ ಮನೆಯವರು ಮದುಮಗಳನ್ನು ಅದರ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆಸಿಕೊಂಡರು. ಚೆನ್ನಾಗಿ ಬಂತು. ಆಮೇಲೆ ಅದೇ ರೂಢಿಯಾಯಿತು. ನಿಶ್ಚಿತಾರ್ಥವಾದರೂ ಸೀಮಂತವಾದರೂ ಆದಿನಾರಾಯಣನ ಮನೆಗೆ ಬಂದು ಕಾರ್ಪೆಟ್ಟಿನ ಮುಂದೆ ನಿಲ್ಲಲೇಬೇಕು. ಮುನಿಯಮ್ಮ ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದಳು, ತಲೆಗೆ ಹೂ ಮುಡಿಸುತ್ತಿದ್ದಳು. ಅವನು ಮೂಲೆಯಲ್ಲಿ ನಿಂತು ನಗಬೇಕು, ಗಂಟಿನ ಬಗ್ಗೆ ಯಾರಾದರೂ ಕೇಳಿದರೆ ಉತ್ತರ ಹೇಳಬೇಕು. ಆ ಫೋಟೋಗಳು ಕಟ್ಟು ಹಾಕಲು ನನ್ನ ಹತ್ತಿರ ಬರುತ್ತಿದ್ದವು. ಒಂದು ಸಲ ಅವನು ಅಂಗಡಿಯಲ್ಲಿ ಕೂತಿದ್ದಾಗ ಮೇಜಿನ ಮೇಲೆ ಅಂಥವು ಸಾಲಾಗಿ ಬಿದ್ದಿದ್ದವು.

“ಅಪ್ಪ ಸಂಜೆಗಾದ್ರೂ ಕೇಜಲ್ಲಿ ಮೇಲಕ್ಕೆ ಬತ್ತಾ ಇದ್ರು,” ಎಂದ ಅವುಗಳನ್ನೇ ನೋಡುತ್ತಾ. “ನಂಗೆ ಆ ಗಂಟೆ ಒಡೆಯೋರೇ ಇಲ್ಲ.”

ಆದರೆ ಅವನು ಒಂದು ದಾರಿ ಹುಡುಕಿಕೊಂಡಿದ್ದ. ಆ ದಾರಿ ಮಗಳು ಅಕ್ಷರಾ. ಇರಾನಿ ಮುದುಕ ಹಿಂದೆ ಯಾವಾಗಲೋ ಒಂದು ಹರಿದ ರತ್ನಗಂಬಳಿಯ ಅಂಗೈಯಗಲದ ತುಂಡು ಕೊಟ್ಟಿದ್ದ, ಅಪ್ಪಟ ಖೋಮ್ ರೇಷ್ಮೆ. ಬಿಸ್ಕತ್ ಡಬ್ಬಿಯಲ್ಲಿಟ್ಟಿದ್ದ ಆ ತುಂಡನ್ನು ಮಗಳ ಕೈಗೆ ಕೊಟ್ಟು ಪಾಠ ಶುರುಮಾಡಿದ. ಹುಡುಗಿಗೆ ಅದರ ಹುಚ್ಚು ಹಿಡಿಯಿತು. ಬೆನ್ನಿನ ಗಂಟು, ಬಣ್ಣದ ತಿರುವು, ಅಂಗೈಯಲ್ಲಿ ಉಜ್ಜಿದರೆ ಏಳುವ ಬಿಸಿ, ಎಲ್ಲ ಕಲಿತಳು. ಗೋಡೆಯ ಮೇಲಿನದನ್ನು ತೋರಿಸು ಎಂದರೆ ಮಾತ್ರ, ಅದು ಬಿಡು, ಮೊಳೆ ಹೊಡೆದಿದೆ ಅನ್ನುತ್ತಿದ್ದ. ಕಾಲೇಜು ಮುಗಿಯುತ್ತಲೇ ಅವಳು ಬೆಂಗಳೂರಿನ ಕಾರ್ಪೆಟ್ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿ, ಊರಿಗಾಂ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತತೊಡಗಿದಳು.

ಇಷ್ಟೆಲ್ಲ ಯಾಕೆ ಕಲಿಸುತ್ತಿದ್ದೀಯ, ಕೊರಳಿಗೆ ಉರುಳು ನೀನೇ ಹೊಸೆದುಕೊಳ್ಳುತ್ತಿದ್ದೀಯಲ್ಲ ಎಂದು ನಾನು ಕೇಳಿದೆ. ಅವನು ನಕ್ಕ.

“ನನ್ ಬಾಯಿಂದಂತೂ ಏಳಾಕಾಗಲ್ಲ. ಒಂದಿನ ಅವ್ಳೇ ತಿರುವಿ ನೋಡಿ, ಅಪ್ಪ ಇದು ಮಿಷನ್ದು ಅನ್ಲಿ. ನಾನೂ ಮೋಸ ಓದೆ ಅಂತ ಒಪ್ಕಂಡು, ಮುನಿಯಮ್ಮನ ಮುಂದೆ ಕೂತು ಅತ್ಬಿಡ್ತೀನಿ. ಅಲ್ಲಿಗೆ ಬಿಡುಗಡೆ.”

ಇಡೀ ಚಿನ್ನದ ಗಣಿ ಊರಿನಲ್ಲಿ ತನ್ನನ್ನು ಹಿಡಿದುಹಾಕಬಲ್ಲ ಒಬ್ಬರನ್ನು ಅವನು ಕೈಯಾರೆ ತಯಾರು ಮಾಡುತ್ತಿದ್ದ. ದಿನಾ ಅವಳು ಕೆಲಸದಿಂದ ಬರುವ ಹೊತ್ತಿಗೆ ರತ್ನಗಂಬಳಿಯ ಎದುರಿಗೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅವಳು ಚೀಲ ಇಟ್ಟು, ಕಾಲು ತೊಳೆದು, ಆ ಗೋಡೆಯ ಕಡೆ ಕಣ್ಣೂ ಹಾಯಿಸದೆ ಒಳಗೆ ಹೋಗುತ್ತಿದ್ದಳು. ಅವಳಿಗಿನ್ನೂ ಹೊಳೆದಿಲ್ಲ ಎಂದುಕೊಂಡು ಇವನು ಮತ್ತೆ ಮಾರನೆಯ ಸಂಜೆಗೆ ಕಾಯುತ್ತಿದ್ದ.

ಹೀಗಿರುವಾಗ ಅಕ್ಷರಾಳಿಗೆ ಗಂಡು ಬಂತು. ಬಂತು ಅನ್ನುವುದಕ್ಕಿಂತ ಅವಳೇ ರೈಲಿನಲ್ಲಿ ಹುಡುಕಿಕೊಂಡಳು ಅನ್ನಬೇಕು. ಹುಡುಗ ಚಂದನ್, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಕನ್ನಡಕದ ಅಂಗಡಿಯೊಂದಕ್ಕೆ ಹೋಗುವವನು, ನೋಡಿದರೆ ಮೆಚ್ಚುವಂಥವನು. ಮನೆ ಕಾಮಸಮುದ್ರದ ಕಡೆ. ಒಂದು ಭಾನುವಾರ ಮಧ್ಯಾಹ್ನ ಅವರ ಕಡೆಯವರು ಹೆಣ್ಣು ನೋಡಲು ಬಂದರು. ಮನೆಯಲ್ಲಿ ಮಾತು ನಡೆಯುವುದು ಅಜ್ಜಿ ನರಸಮ್ಮನದು ಎಂದು ಚಂದನ್ ಮೊದಲೇ ಹೇಳಿದ್ದನಂತೆ. ಹೆಣ್ಣಿನ ಕಡೆಯ ಹಿರಿಯ ಎಂದು ನನ್ನನ್ನೂ ಕೂರಿಸಿದ್ದರು.

ಕೇಸರಿಬಾತು, ಬೋಂಡ ಆಯಿತು. ನರಸಮ್ಮ ಅಕ್ಷರಾಳನ್ನು ನೋಡಿ ಒಪ್ಪಿಗೆಯ ಮುಖ ಮಾಡಿದರು. ಮುನಿಯಮ್ಮ ಎಂದಿನ ಹಾಗೆ ರತ್ನಗಂಬಳಿಯ ಕಥೆ ಹೇಳಿದಳು, ಗಂಡ ಪಟ್ಟ ಕಷ್ಟಕ್ಕೆಲ್ಲ ಅದೇ ಸಾಕ್ಷಿ ಅಂದಳು. ಮುದುಕಿ ಕುತೂಹಲದಿಂದ ಎದ್ದು ಹತ್ತಿರ ಹೋದರು. ಅಂಗೈಯಿಂದ ಒಮ್ಮೆ ಸವರಿದರು. ಕೈ ಮಗುಚಿ ಹಿಂಗೈಯಿಂದ ಇನ್ನೊಮ್ಮೆ ಸವರಿದರು.

“ಬೇಜಾರು ಮಾಡ್ಕಬ್ಯಾಡಮ್ಮ,” ಎಂದರು ಮುನಿಯಮ್ಮನಿಗೆ. “ನಾನು ಮದ್ವೆಯಾಗಿ ಬಂದಾಗಿಂದ ರೇಷ್ಮೆ ಉಳ ಮೇಯ್ಸಿದೋಳು. ಇದು ನನ್ ಕೈಗೆ ರೇಷ್ಮೆ ಅನ್ನಿಸ್ತಾ ಇಲ್ವಲ್ಲ.”

ಮುನಿಯಮ್ಮನ ಮುಖ ಬಿಳುಪೇರಿತು. ನಾನು ಆದಿನಾರಾಯಣನನ್ನು ನೋಡಿದೆ. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಅವನ ಕಣ್ಣಿಗೆ ಜೀವ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ನನಗೂ ಎದೆ ಹಗುರಾಯಿತು.

“ನನ್ ಮಾತು ಬ್ಯಾಡ. ನಮ್ಮ ಅಕ್ಷರಾ ಅದೇ ಕೆಲ್ಸದಾಗೆ ಅವ್ಳೆ, ಅವ್ಳೇ ನೋಡಿ ಏಳ್ಲಿ,” ಎಂದ. “ಕುಪ್ಪು, ಕೆಳಗಡೆ ಮೂಲೆ ಮೊಳೆ ಕೀಳು.”

ಇಕ್ಕುಳ ಹಾಕಿ ನನ್ನ ಕೈಯಿಂದಲೇ ಹೊಡೆದ ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ತುಕ್ಕು ಹಿಡಿದಿದ್ದವು. ಮೂಲೆ ಸಡಿಲವಾಗಿ ಗೋಡೆಯಿಂದ ಸ್ವಲ್ಪ ಈಚೆ ಬಂತು. ಅಕ್ಷರಾ ಬಂದು ಮಂಡಿಯೂರಿ ಕೂತಳು. ಅವಳ ಬಲಗೈ ಹೋಗಿ ಮೂಲೆಯನ್ನು ಮಗುಚಿತು. ಅಪ್ಪನ ಕೈಯೇ, ಅದೇ ತಿರುವು, ಅದೇ ಹೆಬ್ಬೆರಳು. ಬೆನ್ನನ್ನು ನೋಡಿದಳು. ಕುಚ್ಚಿನ ಬುಡದ ಮೇಲೆ ಉಗುರು ಎಳೆದಳು. ನಾನು ಪಕ್ಕದಲ್ಲೇ ನಿಂತಿದ್ದವನು, ಆ ಮಿಷನ್ ಹೊಲಿಗೆ ನನಗೂ ಕಾಣುತ್ತಿತ್ತು. ಆದಿನಾರಾಯಣ ಮಗಳ ಬಾಯನ್ನೇ ನೋಡುತ್ತಿದ್ದ, ಮುಂದಕ್ಕೆ ಬಾಗಿ, ಕೈ ಎರಡೂ ತೊಡೆಯ ಮೇಲಿಟ್ಟುಕೊಂಡು.

ಅವಳು ಮೂಲೆಯನ್ನು ಮೆಲ್ಲಗೆ ಕೆಳಗೆ ಬಿಟ್ಟಳು.

“ಕೈಯಲ್ಲೇ ನೇಯ್ದಿರೋದು ಅಜ್ಜಿ, ಇರಾನ್ ಗಂಟು,” ಎಂದಳು. ದನಿ ಒಂದಿಷ್ಟೂ ಅಲುಗಲಿಲ್ಲ. “ಅಲ್ಲಿನ ರೇಷ್ಮೆ ನಮ್ಮ ಕಡೆದಲ್ಲ, ಬಣ್ಣಕ್ಕೆ ಹಾಕಿ ತುಂಬಾ ಹಳೇದಾಗಿದೆ. ಅದಕ್ಕೇ ನಿಮ್ಮ ಕೈಗೆ ಬೇರೆ ಥರ ಅನ್ನಿಸ್ತಿದೆ.”

ನರಸಮ್ಮ ಅವಳ ಮುಖವನ್ನೇ ಒಂದು ಕ್ಷಣ ನೋಡಿ, ಅಂಗಾ, ನಿಂಗೆ ಗೊತ್ತಿರ್ತದೆ ಬಿಡವ್ವ, ಎಂದು ಗಲ್ಲ ಸವರಿದರು. ಆಮೇಲೆ ನಗುತ್ತಾ, ಇದು ಮಗಳ ಜೊತೆ ನಮ್ಮ ಮನೆಗೂ ಬರುತ್ತದಾ ಎಂದು ಕೇಳಿದರು. ಮುನಿಯಮ್ಮನಿಗೆ ಹೋದ ಜೀವ ಬಂದಿತ್ತು. ಅವಳಿಗಲ್ಲದೆ ಇನ್ಯಾರಿಗೆ, ಬಂದ ದಿನವೇ ಅವಳಿಗೆಂದು ಮನಸ್ಸಿನಲ್ಲಿ ಇಟ್ಟಿದ್ದೇನೆ ಎಂದಳು. ಎಲ್ಲರೂ ನಕ್ಕರು. ಆದಿನಾರಾಯಣ ನಗಲು ಹೋದ, ಆಗಲಿಲ್ಲ, ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದ.

ಅವರೆಲ್ಲ ಹೊರಟ ಮೇಲೆ ನಾನು ಅವನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಆ ಮನೆಯವರು ರೇಷ್ಮೆಯಲ್ಲೇ ಹುಟ್ಟಿ ಬೆಳೆದವರು, ಅಲ್ಲಿಗೆ ಈ ಸುಳ್ಳನ್ನು ಮಗಳ ತಲೆ ಮೇಲೆ ಹೊರಿಸಿ ಕಳಿಸುತ್ತೀಯಾ, ಈಗಲಾದರೂ ಹೇಳಿ ಸಾಯಿ ಎಂದೆ. ಅವನು ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ.

“ನೆನ್ನೆ ಗಂಟ ಬಾಯಿ ಬಿಟ್ಟಿದ್ರೆ ನನ್ ಮಾನ ಓಗ್ತಿತ್ತು,” ಎಂದ. “ಇವಾಗ ಬಿಟ್ರೆ ಮಗಳ್ದು ಓಗ್ತದೆ ಕಣ್ಲಾ. ಅವ್ಳು ಸುಳ್ಳು ಏಳಿದ್ಲು ಅಂತ ಆಗ್ತದೆ.”

ಮಗಳ ಬಾಯಿಂದ ನಿಜ ಬರುವುದೊಂದೇ ಅವನಿಗೆ ಉಳಿದಿದ್ದ ಬಾಗಿಲು, ಹುಡುಗಿ ಅಪ್ಪನ ಮೇಲಿನ ಪ್ರೀತಿಗೆ ಅದಕ್ಕೂ ಹೊರಗಿನಿಂದ ಚಿಲಕ ಹಾಕಿಬಿಟ್ಟಿದ್ದಳು. ನನಗೆ ಅಷ್ಟು ದುಃಖ ಯಾವತ್ತೂ ಆಗಿರಲಿಲ್ಲ.

ಮದುವೆಗೆ ಕೆಲವು ದಿನ ಇರುವಾಗ ಅಕ್ಷರಾ ಅಂಗಡಿಗೆ ಬಂದಳು. ಅಪ್ಪನೂ ಜೊತೆಯಲ್ಲಿದ್ದ, ಒಳಗೆ ಬರಲಿಲ್ಲ, ಹೊರಗೇ ನಿಂತ.

“ಮಾಮ, ನಮ್ಮನೇಲಿ ಹೊಡ್ದಿದ್ರಲ್ಲ ಪಟ್ಟಿ, ಅದೇ ಅಳತೇಲಿ ನಾಕು ಕಡೆಗೂ ಹೊಸದು ಕುಯ್ದು ಕೊಡಿ. ಅವರ ಮನೇದು ಹಳೇ ಮಣ್ಣಿನ ಗೋಡೆ. ಮೊಳೆ ಉದ್ದಂದು ಬೇಕು.”

ಯಾವಾಗಿನಿಂದ ಗೊತ್ತಮ್ಮ ಎಂದು ಕೇಳಿದೆ. ಅವಳು ಗಾಬರಿಯಾಗಲಿಲ್ಲ. ಡಬ್ಬಿಯಲ್ಲಿದ್ದ ಆ ತುಂಡು ಕೈಗೆ ಬಂದಾಗಲೇ ಅನುಮಾನ ಬಂತಂತೆ. ಗೋಡೆಯ ಮೇಲಿನದರ ಮುಂದೆ ದಿನಾ ಓಡಾಡುತ್ತೇನೆ, ಬಣ್ಣ ತಿರುಗುವುದೇ ಇಲ್ಲ ಎಂದಳು. ಗೊತ್ತಾದ ಮೇಲೆ ಅಪ್ಪನ ಎದುರಿಗೆ ಆ ಗೋಡೆಯನ್ನು ನೋಡುವುದಕ್ಕೇ ಹೆದರಿಕೆಯಾಗುತ್ತಿತ್ತಂತೆ.

ಹೇಳಿಬಿಡಲೇ ಅನ್ನಿಸಿತು. ನಿಮ್ಮಪ್ಪ ನಿನ್ನ ಬಾಯಿಂದ ಆ ಒಂದು ಮಾತು ಬರಲಿ ಎಂದೇ ಕಾಯುತ್ತಿದ್ದ ಎಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳೇ ದನಿ ತಗ್ಗಿಸಿ ಮಾತಾಡಿದಳು, ಹೊರಗಿದ್ದವನಿಗೆ ಕೇಳಬಾರದೆಂದು.

“ಅಪ್ಪ ಇಷ್ಟೆಲ್ಲ ಕಲಿಸಿದ್ದು ಇದಕ್ಕೇ ಅಂತ ಅವತ್ತು ತಿಳೀತು ಮಾಮ. ಯಾರಾದ್ರೂ ಕೇಳೋ ದಿನ ಬಂದ್ರೆ, ತನ್ನ ಮಾನ ಕಾಯೋಕೆ ನಾನೊಬ್ಳು ಇರ್ಲಿ ಅಂತ.”

ಅವಳ ಮುಖದಲ್ಲಿ ಹೆಮ್ಮೆ ಇತ್ತು. ಬಾಗಿಲ ಆಚೆ ಪಕ್ಕದ ಅಂಗಡಿಯವನು ಮಾರಲು ತಂದ ಚಾಪೆಗಳನ್ನು ಹಾಸಿದ್ದ. ಆದಿನಾರಾಯಣ ಅವುಗಳ ನಡುವೆಯೇ, ಒಂದರ ಮೂಲೆಯನ್ನೂ ಮಗುಚದೆ, ಎರಡೂ ಕೈ ಕಟ್ಟಿಕೊಂಡು ನಿಂತಿದ್ದ. ನಾನು ಪಟ್ಟಿ ಕುಯ್ದೆ. ಉದ್ದ ಮೊಳೆಗಳನ್ನು ಆರಿಸಿ, ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ.